ಒರೆಸಿದ ಮೇಲೂ ಉಳಿಯುವ ಕಲೆ

ನಮ್ಮ ಮನೆಗೆ ಬಂದವರು ಗಾಜಿನ ಬೀರು ಮುಂದೆ ನಿಂತು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಇಷ್ಟು ಕಷ್ಟಪಟ್ಟು ಹೆಲಿಕಾಪ್ಟರ್ ಕಟ್ಟಿದ್ದೀರಿ, ಬಣ್ಣಾನೂ ಚೆನ್ನಾಗಿ ಹೊಡೆದಿದ್ದೀರಿ. ಆಮೇಲೆ ಅದನ್ನ ಯಾಕೆ ಕೊಳೆ ಮಾಡ್ತೀರಿ?"

ಮೈಸೂರಿನಲ್ಲಿ ಈ ಪ್ರಶ್ನೆ ಬರುವುದು ಸಹಜ. ಇದು ಆಯುಧಪೂಜೆಯ ಊರು. ಸೈಕಲ್ಲಿನಿಂದ ಹಿಡಿದು ಲಾರಿ ತನಕ ಎಲ್ಲವನ್ನೂ ತೊಳೆದು, ಒರೆಸಿ, ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಒಡೆಯುವ ಜನ ನಾವು. ಯಂತ್ರವನ್ನು ಶುಭ್ರವಾಗಿ ಇಡುವುದೇ ಅದಕ್ಕೆ ಕೊಡುವ ಮರ್ಯಾದೆ ಅಂತ ನಂಬಿ ಬೆಳೆದವರು. ಆ ನಂಬಿಕೆ ನನಗೂ ಇದೆ. ಮಾದರಿ ಹೆಲಿಕಾಪ್ಟರ್ ಮೇಲೆ ಕಲೆ ಮೂಡಿಸುವ ಕೆಲಸವೂ ಅದೇ ಮರ್ಯಾದೆಯಿಂದ ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಕಟ್ಟುವುದು ಹಳೆಯ ಪ್ಲಾಸ್ಟಿಕ್ ಕಿಟ್‌ಗಳನ್ನು. ಅದರಲ್ಲೂ ಹೆಲಿಕಾಪ್ಟರ್ ಮಾತ್ರ. ಅಳತೆ 1/72, ಅಂದರೆ ನಿಜವಾದ ಯಂತ್ರದ 72ನೇ ಒಂದು ಪಾಲು. ನಿಜವಾದ ಚೇತಕ್ ಹೆಲಿಕಾಪ್ಟರಿನ ರೋಟರ್, ಅಂದರೆ ಮೇಲೆ ತಿರುಗುವ ರೆಕ್ಕೆಗಳ ವ್ಯಾಸ 11.02 ಮೀಟರ್. ನನ್ನ ಮೇಜಿನ ಮೇಲೆ ಅದು 15 ಸೆಂಟಿಮೀಟರಿಗಿಂತ ಒಂಚೂರು ಜಾಸ್ತಿ. ಇಡೀ ಯಂತ್ರ ಅಂಗೈ ಮೇಲೆ ಕೂರುತ್ತದೆ. ಯುದ್ಧವಿಮಾನ ಕಟ್ಟುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೆಲಿಕಾಪ್ಟರ್ ಕಡೆ ತಿರುಗುವವರು ಕಮ್ಮಿ. ನನಗೆ ಮಾತ್ರ ಮೊದಲಿನಿಂದಲೂ ಇದೇ ಇಷ್ಟ. ಯುದ್ಧವಿಮಾನ ತನ್ನ ಹೊಟ್ಟೆಯೊಳಗೆ ಏನಿದೆ ಅಂತ ತೋರಿಸುವುದಿಲ್ಲ. ಚೇತಕ್ ಹಾಗಲ್ಲ. ಅದರ ಎಂಜಿನ್ ಕ್ಯಾಬಿನ್ ಹಿಂದೆ, ಮೇಲುಗಡೆ, ಯಾವ ಮುಚ್ಚಳವೂ ಇಲ್ಲದೆ ಬಯಲಲ್ಲಿ ಕೂತಿರುತ್ತದೆ. ಪೈಪು, ವೈರು, ಬೋಲ್ಟು ಎಲ್ಲಾ ಕಣ್ಣೆದುರು. ಯಾರು ಏರಿ, ಎಲ್ಲಿ ಕೈ ಹಾಕಿ ಕೆಲಸ ಮಾಡುತ್ತಾರೆ ಅಂತ ನೋಡಿದರೇ ತಿಳಿಯುತ್ತದೆ.

ಚೇತಕ್ ಮೂಲದಲ್ಲಿ ಫ್ರಾನ್ಸಿನದು. ಅಲ್ಲಿ ಅದರ ಹೆಸರು ಅಲೂಯೆಟ್ 3. 1959ರಲ್ಲಿ ಮೊದಲ ಸಲ ಹಾರಿತು. 1962ರಲ್ಲಿ ಎಚ್‌ಎಎಲ್ ಅದನ್ನು ಇಲ್ಲೇ ತಯಾರಿಸುವ ಒಪ್ಪಂದ ಮಾಡಿಕೊಂಡಿತು. ಆಮೇಲೆ ಬೆಂಗಳೂರಿನ ಕಾರ್ಖಾನೆಯಿಂದ ನೂರಾರು ಚೇತಕ್‌ಗಳು ಹೊರಬಂದವು. ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಸೇನೆ, ನೌಕಾಪಡೆ, ವಾಯುಪಡೆ, ಕರಾವಳಿ ಕಾವಲು ಪಡೆ ಎಲ್ಲ ಕಡೆಯೂ ದುಡಿದವು. ಹಾಗಾಗಿ ಹೆಲ್ಲರ್ ಅನ್ನುವ ಫ್ರೆಂಚ್ ಕಂಪನಿಯ ಹಳೆಯ ಅಲೂಯೆಟ್ 3 ಕಿಟ್ ಸಿಕ್ಕರೆ ನನಗೆ ಹಬ್ಬ. ಡಬ್ಬಿಯ ಮೇಲೆ ಫ್ರಾನ್ಸಿನ ಗುರುತು ಇದ್ದರೂ ಒಳಗಿರುವುದು ನಮ್ಮ ಚೇತಕ್ಕೇ.

ಹಳೆಯ ಕಿಟ್ ಡಬ್ಬಿ ತೆರೆದರೆ ಹೊಸ ಕಿಟ್‌ನಂತೆ ಎಲ್ಲವೂ ಅಚ್ಚುಕಟ್ಟಾಗಿ ಇರುವುದಿಲ್ಲ. ಅಚ್ಚು ಸವೆದು ಭಾಗಗಳ ಅಂಚಿನಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ಪೊರೆ ನಿಂತಿರುತ್ತದೆ. ದಪ್ಪ ಇರುವ ಕಡೆ ಪ್ಲಾಸ್ಟಿಕ್ ಆರುವಾಗ ಕುಗ್ಗಿ ಗುಳಿ ಬಿದ್ದಿರುತ್ತದೆ. ಮೊದಲು ಎಲ್ಲವನ್ನೂ ಸೋಪಿನ ನೀರಿನಲ್ಲಿ ತೊಳೆಯಬೇಕು. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಇನ್ನೂ ಮೇಲೆ ಇದ್ದರೆ ಬಣ್ಣ ಕೂರುವುದಿಲ್ಲ. ಆಮೇಲೆ ಪೊರೆ ಕೆರೆದು, ಗುಳಿಗೆ ಪುಟ್ಟಿ ತುಂಬಿ, ನೀರು ಹಾಕಿ ಮರಳು ಕಾಗದದಲ್ಲಿ ಉಜ್ಜಬೇಕು. ಈ ಕೆಲಸಕ್ಕೆ ಆತುರ ಆಗದು. ರಾತ್ರಿ ಊಟ ಆದ ಮೇಲೆ ಒಂದೊಂದು ಭಾಗ ಹಿಡಿದು ಕೂರುವುದು ನನಗೆ ಇಷ್ಟದ ಹೊತ್ತು.

ಡಿಕಾಲ್ ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳು. ಅವು ಹಳದಿ ತಿರುಗಿರುತ್ತವೆ. ಅದಕ್ಕೆ ಬಿಸಿಲೇ ಮದ್ದು. ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿಬಿಡಿ. ಕೆಲವು ವಾರಗಳಲ್ಲಿ ಹಳದಿ ತಿಳಿಯಾಗುತ್ತದೆ. ಮೈಸೂರಿನ ಫೆಬ್ರವರಿ, ಮಾರ್ಚ್ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಹಳೆಯ ಡಿಕಾಲ್ ನೀರಿಗೆ ಹಾಕಿದ ತಕ್ಷಣ ಚೂರು ಚೂರಾಗುವುದೂ ಉಂಟು. ಮೊದಲೇ ಮೇಲೆ ಒಂದು ಪದರ ಪಾರದರ್ಶಕ ವಾರ್ನಿಶ್ ಹೊಡೆದುಕೊಂಡರೆ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಆಗ ಪ್ರತಿ ಗುರುತನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಬೇಕು, ಯಾಕಂದ್ರೆ ಇಡೀ ಹಾಳೆಯೇ ಒಂದು ಪದರ ಆಗಿರುತ್ತದೆ. ಚೇತಕ್ ಮೇಲೆ ಬೇಕಾದ ಕೇಸರಿ, ಬಿಳಿ, ಹಸಿರು ವೃತ್ತಗಳನ್ನು ಮಾತ್ರ ನಾನು ಮಾಸ್ಕಿಂಗ್ ಟೇಪ್ ಕತ್ತರಿಸಿ ಬಣ್ಣದಲ್ಲೇ ಬರೆಯುತ್ತೇನೆ. ಮೈಗೆ ಬಣ್ಣ ಹೊಡೆದಂತೆ ಗುರುತಿಗೂ ಬಣ್ಣವೇ ಹೊಡೆದಿದ್ದರೆ ಎರಡೂ ಒಟ್ಟಿಗೆ ಮಾಸುತ್ತವೆ, ನೋಡೋಕೂ ಒಂದೇ ಥರ ಕಾಣುತ್ತವೆ.

ಗಾಜಿನ ಭಾಗಕ್ಕೆ, ಅಂದರೆ ಕಿಟ್‌ನ ಪಾರದರ್ಶಕ ಪ್ಲಾಸ್ಟಿಕ್‌ಗೆ, ಸೂಪರ್ ಗ್ಲೂ ಮುಟ್ಟಿಸಲೇಬಾರದು. ಅದರ ಆವಿಗೆ ಗಾಜು ಬೆಳ್ಳಗಾಗುತ್ತದೆ. ಫೆವಿಕಾಲ್ ಸಾಕು. ಒಣಗಿದ ಮೇಲೆ ಕಾಣಿಸುವುದೂ ಇಲ್ಲ. ಚೇತಕ್ ಮೂಗು ಪೂರ್ತಿ ಗಾಜು ಆಗಿರುವುದರಿಂದ ಇನ್ನೊಂದು ಸಮಸ್ಯೆ ಇದೆ. ಮಾದರಿ ಹಿಂದಕ್ಕೆ ವಾಲದಂತೆ ಮುಂದೆ ತೂಕ ಇಡಬೇಕು, ಆದರೆ ಅಡಗಿಸಲು ಜಾಗವೇ ಇಲ್ಲ. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಚಪ್ಪಟೆ ಮಾಡಿ ಸೀಟಿನ ಕೆಳಗೆ, ನೆಲದ ಅಡಿ ಸೇರಿಸುತ್ತೇನೆ.

ಇನ್ನು ಉಬ್ಬುಗೆರೆಗಳ ವಿಷಯ. ಹಳೆಯ ಕಿಟ್‌ಗಳಲ್ಲಿ ತಗಡು ಕೂಡುವ ಗೆರೆ, ರಿವೆಟ್ ಎಲ್ಲಾ ಮೇಲೆದ್ದು ನಿಂತಿರುತ್ತವೆ. ಈಗಿನ ಕಿಟ್‌ಗಳಲ್ಲಿ ಗೆರೆ ಒಳಕ್ಕೆ ಕೊರೆದಿರುತ್ತದೆ. ಅನೇಕರು ಹಳೆಯ ಉಬ್ಬನ್ನೆಲ್ಲ ಉಜ್ಜಿ ತೆಗೆದು ಹೊಸದಾಗಿ ಕೊರೆಯುತ್ತಾರೆ. ನಾನು ಉಜ್ಜುವುದಿಲ್ಲ. ಆ ಅಚ್ಚು ಕೆತ್ತಿದವರು ಯಾರೋ ಗೊತ್ತಿಲ್ಲ, ಆದರೆ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ನಕ್ಷೆ ನೋಡಿಕೊಂಡು ಒಂದೊಂದೇ ರಿವೆಟ್ ಇಟ್ಟಿದ್ದಾರೆ. ಅವರ ಕೆಲಸವೂ ಮಾದರಿಯ ಭಾಗವೇ. ಮೇಲಾಗಿ ಉಬ್ಬಿನ ಮೇಲೆ ಬಣ್ಣ ಸವೆಸುವುದು ಸುಲಭ. ಬ್ರಷ್ಷಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಒಣ ಬ್ರಷ್ಷಿನಿಂದ ಸುಮ್ನೆ ಸವರಿದರೆ ರಿವೆಟ್ ತುದಿಗಳು ಮಾತ್ರ ತಿಳಿಯಾಗಿ ಎದ್ದು ಬರುತ್ತವೆ. ನಿಜವಾದ ಯಂತ್ರದಲ್ಲೂ ಕೈ, ಬಟ್ಟೆ, ಬೂಟು ಮೊದಲು ತಾಗುವುದು ಆ ತುದಿಗಳಿಗೇ ಅಲ್ವಾ?

ತಾಗುವುದು ಅಂದಾಗ ಜಾವಾ ಬೈಕಿನ ಮಾತು ಬರಲೇಬೇಕು. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ನಮ್ಮ ಊರಿನ ಯಾದವಗಿರಿಯಲ್ಲಿ. 1961ರಲ್ಲಿ ಬೈಕ್ ತಯಾರಿಕೆ ಶುರುವಾಗಿ 1996ರಲ್ಲಿ ಮುಚ್ಚಿತು. ಹಳೆಯ ಜಾವಾ, ಯೆಜ್ಡಿಗಳನ್ನು ಇವತ್ತಿಗೂ ಜೋಪಾನ ಮಾಡಿಕೊಂಡಿರುವ ಮನೆಗಳು ಮೈಸೂರಿನಲ್ಲಿ ಬಹಳ. ಬಣ್ಣ ಹೇಗೆ ಸವೆಯುತ್ತದೆ ಅಂತ ನಾನು ಕಲಿತದ್ದು ಈ ಬೈಕುಗಳಿಂದ. ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ದಶಕಗಳ ಕಾಲ ಒದೆ ತಿಂದ ಆ ಲಿವರನ್ನು ಹತ್ತಿರದಿಂದ ನೋಡಿ. ಬೂಟು ಬೀಳುವ ಜಾಗದಲ್ಲಿ ಕ್ರೋಮ್ ಪೂರ್ತಿ ಹೋಗಿ ಒಳಗಿನ ಲೋಹ ಬಂದಿರುತ್ತದೆ. ಆದರೆ ಅಲ್ಲಿ ತುಕ್ಕು ಇಲ್ಲ. ದಿನಾ ಉಜ್ಜಿಸಿಕೊಂಡು ಮಿರಮಿರ ಮಿಂಚುತ್ತಿರುತ್ತದೆ. ತುಕ್ಕು ಇರುವುದು ಲಿವರ್ ಬುಡದಲ್ಲಿ, ಬೂಟೂ ಬಟ್ಟೆಯೂ ಹೋಗದ ಸಂದಿಯಲ್ಲಿ. ಪಕ್ಕದ ಎಂಜಿನ್ ಕವರಿನ ಮೇಲೆ ಪಾದ ಸವರಿದ ಕಡೆ ಅರ್ಧಚಂದ್ರದ ಆಕಾರದಲ್ಲಿ ನುಣುಪಾಗಿರುತ್ತದೆ. ಅದರ ಹೊರಗೆ ಮಂಕು. ಒಂದೇ ಗೇಣು ಜಾಗದಲ್ಲಿ ಮಿಂಚು, ಮಂಕು, ತುಕ್ಕು ಮೂರೂ ಇವೆ. ಮೂರಕ್ಕೂ ಬೇರೆ ಬೇರೆ ಕಾರಣ ಇದೆ.

ಅಲ್ಲಿಂದ ನನಗೆ ಒಂದು ಅಭ್ಯಾಸ ಬಂತು. ಮಾದರಿಯ ಮೇಲೆ ಯಾವುದೇ ಕಲೆ ಇಡುವ ಮುಂಚೆ ಇದು ಇಲ್ಲಿಗೆ ಹೇಗೆ ಬಂತು ಅಂತ ಕೇಳಿಕೊಳ್ಳುತ್ತೇನೆ. ಗಾಳಿ ತಂದಿದ್ದಾ, ಎಂಜಿನ್ ಉಗುಳಿದ್ದಾ, ಕಾಲು ಮೆಟ್ಟಿದ್ದಾ, ಬಿಸಿಲು ಹೀರಿದ್ದಾ? ಉತ್ತರ ಇಲ್ಲದಿದ್ದರೆ ಕಲೆ ಇಡುವುದಿಲ್ಲ.

ಈ ವಿಷಯದಲ್ಲಿ ಅಳತೆಯನ್ನೂ ಮರೆಯಬಾರದು. 1/72ರಲ್ಲಿ 1 ಮಿಲಿಮೀಟರ್ ಅಂದರೆ ನಿಜದಲ್ಲಿ 7 ಸೆಂಟಿಮೀಟರಿಗೂ ಜಾಸ್ತಿ. ಬ್ರಷ್ ತುದಿಯಿಂದ ಇಟ್ಟ ಚುಕ್ಕಿ ಅಷ್ಟು ದೊಡ್ಡದಾಯಿತು ಅಂದರೆ ಬಾಗಿಲಿನ ಮೇಲೆ ಅಂಗೈ ಅಗಲ ಬಣ್ಣ ಎದ್ದುಹೋಗಿದೆ ಅಂತ ಅರ್ಥ. ಅಂಥ ಯಂತ್ರವನ್ನು ಯಾವ ಅಧಿಕಾರಿ ಹಾರಲು ಬಿಡುತ್ತಾನೆ? ಹಾಗಾಗಿ ಬಣ್ಣ ಎದ್ದ ಗುರುತಿಗೆ ನಾನು ಬಳಸುವುದು ಚೆನ್ನಾಗಿ ಚೂಪು ಮಾಡಿದ ಬೆಳ್ಳಿ ಬಣ್ಣದ ಪೆನ್ಸಿಲ್. ಕಣ್ಣಿಗೆ ಕಂಡೂ ಕಾಣದಷ್ಟು ಚುಕ್ಕಿ ಸಾಕು. ಮೂಲ ಬಣ್ಣಕ್ಕೂ ಸ್ವಲ್ಪ ಬಿಳಿ ಬೆರೆಸಬೇಕು. ದೊಡ್ಡ ವಸ್ತುವನ್ನು ದೂರದಿಂದ ನೋಡಿದಾಗ ನಡುವಿನ ಗಾಳಿ ಬಣ್ಣವನ್ನು ತಿಳಿಯಾಗಿಸುತ್ತದೆ. ಚಿಕ್ಕ ಮಾದರಿಗೆ ಗಾಢ ಬಣ್ಣವನ್ನೇ ಹಾಗೇ ಹೊಡೆದರೆ ಆಟಿಕೆಯಂತೆ ಕಾಣುತ್ತದೆ.

ನಮ್ಮ ಬಡಾವಣೆಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಚೇತಕ್ ಮೇಲೆ ತಂತ್ರಜ್ಞರಾಗಿ ವರ್ಷಗಟ್ಟಲೆ ದುಡಿದವರು. ಹಸಿರು ಬಣ್ಣ ಹೊಡೆದು ಒಣಗಿದ, ಇನ್ನೂ ಒಂದು ಕಲೆಯೂ ಇಡದ ಚೇತಕ್ಕನ್ನು ಅವರ ಮನೆಗೆ ತೆಗೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ, ಪೇಪರ್ ಹಾಸಿ, ಅದರ ಮೇಲೆ ಮಾದರಿ ಇಟ್ಟುಕೊಂಡರು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೈಗೆ ಪೆನ್ಸಿಲ್ ತೆಗೆದುಕೊಂಡು ಹೇಳಿದರು.

"ನೋಡಿ, ನಾವು ದಿನಾ ಒರೆಸ್ತಿದ್ವಿ. ಹಾರೋ ಮುಂಚೇನೂ ಒರೆಸ್ತಿದ್ವಿ, ಬಂದ ಮೇಲೂ ಒರೆಸ್ತಿದ್ವಿ. ಕೊಳೆ ಇದ್ರೆ ಎಣ್ಣೆ ಎಲ್ಲಿಂದ ಸೋರ್ತಿದೆ ಅಂತ ಗೊತ್ತಾಗಲ್ಲ. ಬಿರುಕು ಬಿಟ್ಟಿದ್ರೂ ಕಾಣಲ್ಲ. ಒರೆಸೋದು ಅಂದ್ರೆ ಅರ್ಧ ತಪಾಸಣೆ."

ಹಾಗಾದರೆ ಕಲೆ ಇರುತ್ತಲೇ ಇರಲಿಲ್ಲವಾ ಅಂತ ಕೇಳಿದೆ.

"ಇರ್ತಿತ್ತು. ಬಟ್ಟೆ ಹೋಗದ ಕಡೆ ಹುಡುಕಿ."

ಆಮೇಲೆ ಪೆನ್ಸಿಲ್ ತುದಿಯಲ್ಲಿ ಒಂದೊಂದೇ ಜಾಗ ತೋರಿಸಿದರು. ರೋಟರ್ ನಡುವಿನ ಗುಂಬಕ್ಕೆ ಗ್ರೀಸ್ ತುಂಬುತ್ತಾರೆ. ತಿರುಗುವ ರಭಸಕ್ಕೆ ಅದು ಹೊರಕ್ಕೆ ಚಿಮ್ಮಿ ಬ್ಲೇಡ್ ಬುಡದ ಮೇಲೆ ಗೆರೆ ಎಳೆಯುತ್ತದೆ. ಎಂಜಿನ್ ಪೈಪುಗಳ ನಡುವೆ ಬೆರಳು ತೂರುವುದಿಲ್ಲ, ಅಲ್ಲಿ ಎಣ್ಣೆಗೆ ಧೂಳು ಅಂಟಿ ಕಪ್ಪಾಗುತ್ತದೆ. ಬಾಲದ ಮೇಲ್ಭಾಗದಲ್ಲಿ ಹೊಗೆ ಮಸಿ ಕೂರುತ್ತದೆ. ಒರೆಸಿದರೂ ಪೂರ್ತಿ ಹೋಗುವುದಿಲ್ಲ, ಬೂದು ಛಾಯೆ ನಿಂತುಬಿಡುತ್ತದೆ. ಇಂಧನ ತುಂಬುವ ಬಾಯಿಯ ಕೆಳಗೆ ಸೀಮೆಎಣ್ಣೆ ಜಾತಿಯ ಇಂಧನ ಚೆಲ್ಲಿ ಧೂಳು ತೊಳೆದುಹೋಗಿ, ಆ ಪಟ್ಟೆ ಮಾತ್ರ ಸುತ್ತಲಿಗಿಂತ ಗಾಢವಾಗಿ ಕಾಣುತ್ತದೆ. ಮೇಲೆ ಹತ್ತುವ ಮೆಟ್ಟಿಲಿನ ಅಂಚು, ಬಾಗಿಲ ಹೊಸಿಲು ಬೂಟಿಗೆ ಸವೆಯುತ್ತವೆ. ಕ್ಯಾಬಿನ್ನಿನಲ್ಲಿ ಪೈಲಟ್ ಸೇರಿ ಏಳು ಜನ ಕೂರಬಹುದು. ಇಷ್ಟು ಜನ ಹತ್ತಿ ಇಳಿದರೆ ನೆಲದ ನಡುಭಾಗ ನುಣುಪಾಗುತ್ತದೆ, ಮೂಲೆಯಲ್ಲಿ ಮಣ್ಣು ಸೇರುತ್ತದೆ.

ಗಾಜಿನ ಬಗ್ಗೆ ಕೇಳಿದಾಗ ಅವರು ಪೆನ್ಸಿಲ್ ಕೆಳಗಿಟ್ಟರು. "ಗಾಜು ಮಾತ್ರ ಯಾವಾಗಲೂ ಕ್ಲೀನು. ಪೈಲಟ್ ಬರೋ ಹೊತ್ತಿಗೆ ಗಾಜಿನ ಮೇಲೆ ಒಂದು ಬೆರಳಚ್ಚು ಇದ್ರೂ ನಮಗೆ ನಾಚಿಕೆ."

ಅವತ್ತಿನಿಂದ ನಾನು ಮಾದರಿ ನೋಡುವ ರೀತಿ ಗಟ್ಟಿಯಾಯಿತು. ಎಷ್ಟೋ ಮಾದರಿಗಳಲ್ಲಿ ಹೆಲಿಕಾಪ್ಟರನ್ನು ಹತ್ತು ವರ್ಷ ಗುಜರಿಯಲ್ಲಿ ಬಿದ್ದಿದ್ದ ಹಾಗೆ ತುಕ್ಕು ಹಿಡಿಸುತ್ತಾರೆ. ಅಲ್ಯೂಮಿನಿಯಂ ತಗಡಿನ ಮೇಲೆ ಕೆಂಪು ತುಕ್ಕು ಬರುವುದೇ ಇಲ್ಲ ಅನ್ನುವುದು ಹಾಗಿರಲಿ. ಆ ಮಾದರಿ ನೋಡಿದರೆ ಯಂತ್ರಕ್ಕೆ ದಿಕ್ಕು ದೆಸೆ ಯಾರೂ ಇಲ್ಲ ಅನ್ನಿಸುತ್ತದೆ. ಕೆಲಸ ಮಾಡುತ್ತಿರುವ ಹೆಲಿಕಾಪ್ಟರಿಗೆ ನೋಡಿಕೊಳ್ಳುವವರು ಇರುತ್ತಾರೆ. ಮಾದರಿಯ ಮೇಲೆ ನಾವು ತೋರಿಸುವ ಕಲೆ ಅವರು ಒರೆಸಿದ ಮೇಲೂ ಉಳಿದದ್ದಾಗಿರಬೇಕು. ಆಗ ಅದರಲ್ಲಿ ಯಂತ್ರದ ದುಡಿಮೆಯೂ ಕಾಣುತ್ತದೆ, ಅವರ ಕೈಯೂ ಕಾಣುತ್ತದೆ.

ನನಗೆ ತುಂಬಾ ಹಿಡಿಸಿದ ವಿಷಯ ಏನಂದ್ರೆ, ಮಾದರಿಯ ಮೇಲೆ ಈ ಕಲೆ ಮೂಡಿಸುವ ವಿಧಾನವೂ ಒರೆಸುವುದೇ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಅದರ ಮೇಲೊಂದು ಹೊಳಪಿನ ಅಕ್ರಿಲಿಕ್ ವಾರ್ನಿಶ್ ಕೊಡಬೇಕು. ಮ್ಯಾಟ್ ಮೈ ಒರಟು, ಕಲೆ ಹಾಕಿದ ಕಡೆಯೇ ಇಂಗಿಬಿಡುತ್ತದೆ. ಹೊಳಪಿನ ಮೈ ಮೇಲೆ ಜಾರಿ ಸಂದಿಗೆ ಓಡುತ್ತದೆ. ಚಿತ್ರಕಲೆಗೆ ಬಳಸುವ ಆಯಿಲ್ ಕಲರ್ ಟ್ಯೂಬಿನಿಂದ ಗಾಢ ಕಂದು, ಸ್ವಲ್ಪ ಕಪ್ಪು ತೆಗೆದು ಟರ್ಪಂಟೈನಿನಲ್ಲಿ ಚಹಾ ಬಣ್ಣಕ್ಕೆ ಬರುವಷ್ಟು ತೆಳ್ಳಗೆ ಮಾಡುತ್ತೇನೆ. ಸಣ್ಣ ಬ್ರಷ್ಷನ್ನು ಬಾಗಿಲಿನ ಸಂದಿಗೆ ಮುಟ್ಟಿಸಿದರೆ ಸಾಕು, ಬಣ್ಣ ತಾನೇ ಗೆರೆಯುದ್ದಕ್ಕೂ ಹರಿದುಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಟರ್ಪಂಟೈನಿನಲ್ಲಿ ತೇವ ಮಾಡಿ ಒರೆಸಬೇಕು. ಒಣಗಿದ ಅಕ್ರಿಲಿಕ್ ಈ ಟರ್ಪಂಟೈನಿಗೆ ಕರಗುವುದಿಲ್ಲ, ಹಾಗಾಗಿ ಒಳಗಿನ ಹಸಿರಿಗೆ ಏನೂ ಆಗುವುದಿಲ್ಲ. ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ, ವಾಸನೆ ತಲೆಗೆ ಏರುತ್ತದೆ.

ಒರೆಸುವ ದಿಕ್ಕೂ ಮುಖ್ಯ. ಬಾಗಿಲ ಮೇಲೆ ಮೇಲಿಂದ ಕೆಳಕ್ಕೆ, ಮಳೆ ನೀರು ಇಳಿಯುವ ದಾರಿಯಲ್ಲಿ. ಬಾಲದ ಮೇಲೆ ಮುಂದಿನಿಂದ ಹಿಂದಕ್ಕೆ, ಹೊಗೆ ಹೋಗುವ ದಾರಿಯಲ್ಲಿ. ಮನುಷ್ಯ ನಿಂತು ಕೈ ಚಾಚಿ ಒರೆಸುವ ಎತ್ತರದಲ್ಲಿ ಚೆನ್ನಾಗಿ ಒರೆಸಬೇಕು. ಕೈಗೆ ಎಟುಕದ ಮೇಲ್ಭಾಗದಲ್ಲಿ, ಬಗ್ಗಿ ನೋಡಬೇಕಾದ ಹೊಟ್ಟೆಯ ಅಡಿ ಸ್ವಲ್ಪ ಬಿಡಬೇಕು. ಉಬ್ಬುಗೆರೆಯ ಎರಡೂ ಪಕ್ಕದಲ್ಲಿ ಬಣ್ಣ ತಾನಾಗಿ ಉಳಿಯುತ್ತದೆ. ಹತ್ತಿ ಕಡ್ಡಿ ಅಲ್ಲಿಗೆ ಹೋಗುವುದಿಲ್ಲ. ಆ ಹಿರಿಯರು ಹೇಳಿದ ಬಟ್ಟೆ ಹೋಗದ ಜಾಗ ನನ್ನ ಮೇಜಿನ ಮೇಲೂ ಇದೆ.

ಧೂಳಿಗೆ ಬೇರೆ ಲೆಕ್ಕ. ಹೆಲಿಕಾಪ್ಟರ್ ತನ್ನ ಧೂಳನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ಮಂಡ್ಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚುನಾವಣೆ ಬಂದರೆ ಶಾಲೆ ಮೈದಾನದಲ್ಲೋ ಗದ್ದೆ ಬಯಲಲ್ಲೋ ಸುಣ್ಣದ ಪುಡಿಯಲ್ಲಿ ಗುರುತು ಹಾಕಿ ಹೆಲಿಪ್ಯಾಡ್ ಮಾಡುತ್ತಾರೆ. ಬೆಳಿಗ್ಗೆಯೇ ಟ್ಯಾಂಕರ್ ತಂದು ನೀರು ಹೊಡೆಯುತ್ತಾರೆ. ಆದರೂ ನಾಯಕರ ಹೆಲಿಕಾಪ್ಟರ್ ಇಳಿಯುವಾಗ ಕೆಂಧೂಳು ಎದ್ದು ಸುತ್ತಲಿನವರೆಲ್ಲ ಮುಖ ಮುಚ್ಚಿಕೊಳ್ಳುತ್ತಾರೆ. ನಾನು ಅಂಥ ಕಡೆ ಹೋದಾಗ ನಾಯಕರ ಕಡೆ ನೋಡುವುದು ಕಮ್ಮಿ. ಧೂಳು ನೋಡುತ್ತೇನೆ. ರೋಟರಿನ ಗಾಳಿ ನೆಲಕ್ಕೆ ಬಡಿದು ಹೊರಕ್ಕೆ ಹರಡಿ, ಅಂಚಿನಲ್ಲಿ ಸುರುಳಿಯಾಗಿ ಮೇಲೆದ್ದು, ಮತ್ತೆ ರೋಟರಿನೊಳಗೇ ಎಳೆದುಕೊಂಡು ಬರುತ್ತದೆ. ಹೊಟ್ಟೆಯ ಅಡಿ, ಚಕ್ರದ ಹಿಂದೆ, ಬಾಲದ ಕೆಳಮೈ, ಹಿಂದಿನ ಚಿಕ್ಕ ರೋಟರ್ ಇಲ್ಲೆಲ್ಲ ಧೂಳು ಕೂರುತ್ತದೆ.

ಶ್ರೀರಂಗಪಟ್ಟಣದ ದಾರಿಯಲ್ಲಿ ತಂದ ಕೆಂಪು ಮಣ್ಣು ನನ್ನ ಹತ್ತಿರ ಒಂದು ಡಬ್ಬಿಯಲ್ಲಿದೆ. ಅದನ್ನು ಹಾಗೇ ಬಳಸಲಾಗದು. ಅರ್ಧ ಮಿಲಿಮೀಟರ್ ಮರಳು ಕಣ 1/72ರಲ್ಲಿ ನಿಂಬೆಹಣ್ಣಿನ ಗಾತ್ರದ ಕಲ್ಲಾಗುತ್ತದೆ. ಕಲ್ಲಿನಲ್ಲಿ ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಉಳಿದ ಹುಡಿಯನ್ನು ಮಾತ್ರ ಮೃದುವಾದ ಬ್ರಷ್ಷಿನಲ್ಲಿ ಹಚ್ಚಬೇಕು. ಈ ಚೇತಕ್ ದಖ್ಖನಿನದು ಅಂತ ನಾನು ಇಟ್ಟುಕೊಂಡಿದ್ದೇನೆ. ವಾಯುಪಡೆಯ ಹೆಲಿಕಾಪ್ಟರ್ ತರಬೇತಿ ಶಾಲೆ ಹೈದರಾಬಾದ್ ಹತ್ತಿರದ ಹಕೀಂಪೇಟೆಯಲ್ಲಿದೆ. ಆ ಕಡೆಯ ಯಂತ್ರಕ್ಕೆ ಕೆಂಪು ಮಣ್ಣು ಒಪ್ಪುತ್ತದೆ. ಲಡಾಖಿನ ಯಂತ್ರವಾದರೆ ಈ ಡಬ್ಬಿ ಮುಟ್ಟುವ ಹಾಗಿಲ್ಲ.

ರೋಟರ್ ಬ್ಲೇಡಿನ ವಿಷಯಕ್ಕೆ ಬರೋಣ, ಯಾಕಂದ್ರೆ ಅಲ್ಲಿ ಒಂದು ಸಣ್ಣ ಅಂಶ ಇಡೀ ಮಾದರಿಯನ್ನು ಸತ್ಯ ಮಾಡುತ್ತದೆ, ಇಲ್ಲಾ ಸುಳ್ಳು ಮಾಡುತ್ತದೆ. ಗಾಳಿಯನ್ನು ಸೀಳುವ ಮುಂಚೂಣಿ ಅಂಚಿಗೆ ಮರಳು, ಧೂಳು, ಮಳೆಹನಿ ಬಡಿದು ಬಣ್ಣ ಹೋಗಿ ಲೋಹ ಕಾಣುತ್ತದೆ. ತುದಿಯ ಕಡೆ ವೇಗ ಜಾಸ್ತಿ, ಹಾಗಾಗಿ ಸವೆತವೂ ಜಾಸ್ತಿ. ಬುಡದ ಹತ್ತಿರ ಕಮ್ಮಿ. ಮುಂಚೂಣಿ ಯಾವುದು ಅಂತ ತಿಳಿಯಲು ಯಂತ್ರ ಎಲ್ಲಿಯದು ಅಂತ ನೋಡಬೇಕು. ಮೇಲಿಂದ ನೋಡಿದರೆ ಫ್ರಾನ್ಸಿನ ಅಲೂಯೆಟ್ ರೋಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ರಷ್ಯಾದ ಮಿಲ್ ಹೆಲಿಕಾಪ್ಟರುಗಳೂ ಹಾಗೆಯೇ. ಅಮೆರಿಕದ ಸಿಕೋರ್ಸ್ಕಿ ಮೂಲದ ಸೀ ಕಿಂಗ್ ಅದಕ್ಕೆ ಉಲ್ಟಾ. ಹಳೆಯ ಕಿಟ್‌ಗಳಲ್ಲಿ ಬ್ಲೇಡ್‌ಗಳು ಹಲಗೆಯಂತೆ ನೆಟ್ಟಗಿರುತ್ತವೆ. ನಿಂತ ಹೆಲಿಕಾಪ್ಟರಿನ ಬ್ಲೇಡ್ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ, ಬೆರಳಲ್ಲಿ ನಿಧಾನಕ್ಕೆ ಬಗ್ಗಿಸಿ, ತಣ್ಣೀರಿಗೆ ಹಾಕಿದರೆ ಆ ಬಾಗು ನಿಲ್ಲುತ್ತದೆ.

ಚೇತಕ್ಕಿನ ತಮ್ಮ ಅನ್ನಬಹುದಾದ ಚೀತಾ ಇನ್ನೊಂದು ಬಗೆಯ ಪಾಠ ಕಲಿಸುತ್ತದೆ. ಅದರ ಮೂಲ ಫ್ರೆಂಚರ ಲಾಮಾ. ಭಾರತದ ಬೇಡಿಕೆಗಾಗಿಯೇ ಎತ್ತರದ ಪರ್ವತಗಳಿಗೆಂದು ರೂಪಿಸಿದ ಯಂತ್ರ. 1972ರ ಜೂನ್ 21ರಂದು ಜಾನ್ ಬೂಲೆ ಅನ್ನುವ ಪೈಲಟ್ ಲಾಮಾದಲ್ಲಿ 12,442 ಮೀಟರ್ ಎತ್ತರಕ್ಕೆ ಏರಿದ್ದರು. ನಮ್ಮಲ್ಲಿ ಸಿಯಾಚಿನ್ ಹಿಮನದಿಯ ಮೇಲೆ ಮೊದಲು ಇಳಿದ ವಾಯುಪಡೆಯ ಹೆಲಿಕಾಪ್ಟರ್ ಚೇತಕ್, 1978ರ ಅಕ್ಟೋಬರಿನಲ್ಲಿ. 1984ರಲ್ಲಿ ಆಪರೇಷನ್ ಮೇಘದೂತ್ ಶುರುವಾದ ಮೇಲೆ ಅಲ್ಲಿನ ಸೈನಿಕರಿಗೆ ಚೀತಾವೇ ಜೀವನಾಡಿ ಆಯಿತು. ಆ ಯಂತ್ರದ ಮೇಲೆ ಕೆಂಪು ಧೂಳು ಎಲ್ಲಿಂದ ಬರಬೇಕು? ಅಲ್ಲಿ ಇರುವುದು ಹಿಮ ಮತ್ತು ಬಿಸಿಲು. ಎತ್ತರಕ್ಕೆ ಹೋದಂತೆ ಅತಿನೇರಳೆ ಕಿರಣದ ಹೊಡೆತ ಜಾಸ್ತಿ. ಹಾಗಾಗಿ ಚೀತಾಗೆ ನಾನು ಕೊಡುವುದು ಮುಖ್ಯವಾಗಿ ಮಾಸಲು. ಮೇಲ್ಮೈಗೆ ಬಿಳಿ, ಹಳದಿ, ತಿಳಿನೀಲಿ ಆಯಿಲ್ ಬಣ್ಣದ ಚುಕ್ಕಿಗಳನ್ನು ಇಟ್ಟು, ಟರ್ಪಂಟೈನ್ ಬ್ರಷ್ಷಿನಲ್ಲಿ ಕೆಳಕ್ಕೆ ಎಳೆದರೆ ಒಂದೇ ಬಣ್ಣದೊಳಗೆ ಹಲವು ಛಾಯೆ ಬರುತ್ತವೆ. ಕೇಸರಿ ಬೇಗ ಪೇಲವ ಆಗುತ್ತದೆ, ಹಸಿರಿಗೆ ಅಷ್ಟಿಲ್ಲ. ಹೆಲಿಕಾಪ್ಟರ್ ನಿಲ್ಲುವ ಕೊಳವೆಯ ಕಾಲುಗಳ ಅಡಿ ಕಲ್ಲಿಗೆ ಉಜ್ಜಿ ಬಣ್ಣವೇ ಇರಬಾರದು. ಚೀತಾದ ಬಾಲ ಬರೀ ಕಂಬಿಗಳ ಚೌಕಟ್ಟು. ಒರೆಸಲು ಅದರಷ್ಟು ಕಷ್ಟದ ಜಾಗ ಇನ್ನೊಂದಿಲ್ಲ. ಕಂಬಿ ಕೂಡುವ ಪ್ರತಿ ಮೂಲೆಯಲ್ಲೂ ಒಂದು ಹನಿ ಕಪ್ಪು ಬಿಡುತ್ತೇನೆ.

ಸೀ ಕಿಂಗ್ ಬಗ್ಗೆ ಎರಡೇ ಮಾತು. ಏರ್‌ಫಿಕ್ಸ್ ಕಂಪನಿಯ ಹಳೆಯ ಸೀ ಕಿಂಗ್ ಕಿಟ್ ಈಗಲೂ ಕೈಗೆ ಸಿಗುತ್ತದೆ. ನಮ್ಮ ನೌಕಾಪಡೆ 1971ರಿಂದ ಸೀ ಕಿಂಗ್ ಹಾರಿಸಿತು. ಸಮುದ್ರದ ಮೇಲೆ ಧೂಳಿಲ್ಲ, ಉಪ್ಪಿದೆ. ಉಪ್ಪುನೀರು ಒಣಗಿದ ತಿಳಿ ಬಿಳುಪಿನ ಗೆರೆ, ಉಪ್ಪು ತಗಡನ್ನು ತಿನ್ನದಂತೆ ಅಲ್ಲಲ್ಲಿ ಹೊಡೆದ ತೇಪೆ ಬಣ್ಣ ಸಾಕು. ತೇಪೆಯ ಬಣ್ಣ ಸುತ್ತಲಿಗಿಂತ ಒಂದು ಕೂದಲೆಳೆ ಬೇರೆ ಇರಬೇಕು, ಅಷ್ಟೇ.

ಈಗ ಮೇಜಿನ ಮೇಲಿರುವುದು ರಷ್ಯಾದ ಮಿಲ್ ಹೆಲಿಕಾಪ್ಟರ್ ಮಿ-4. ಜೆಕ್ ದೇಶದ ಕೆಪಿ ಕಂಪನಿಯ ಹಳೆಯ ಕಿಟ್. 21 ಮೀಟರ್ ರೋಟರಿನ ದೊಡ್ಡ ಯಂತ್ರ, ಮಾದರಿಯಲ್ಲೂ ಅದು ಸುಮಾರು 29 ಸೆಂಟಿಮೀಟರ್ ಬರುತ್ತದೆ. ಇದರಲ್ಲಿ ಟರ್ಬೈನ್ ಇಲ್ಲ. ಮೂಗಿನೊಳಗೆ 14 ಸಿಲಿಂಡರಿನ ಪಿಸ್ಟನ್ ಎಂಜಿನ್, ಅದರ ಮೇಲೆ ಪೈಲಟ್‌ಗಳು. ಹೊಗೆ, ಎಣ್ಣೆ ಎರಡೂ ಮುಂದಿನಿಂದಲೇ ಶುರುವಾಗಿ ಮೈಯುದ್ದಕ್ಕೂ ಹಿಂದಕ್ಕೆ ಹರಿಯುತ್ತವೆ.

ಇದನ್ನು 1971ರ ಡಿಸೆಂಬರಿನ ಬಾಂಗ್ಲಾ ಯುದ್ಧದಲ್ಲಿ ದುಡಿದ ನಮ್ಮ ವಾಯುಪಡೆಯ ಯಂತ್ರವಾಗಿ ಕಟ್ಟುತ್ತಿದ್ದೇನೆ. ಮೇಘನಾ ನದಿಯ ಆಶುಗಂಜ್ ಸೇತುವೆಯನ್ನು ಪಾಕಿಸ್ತಾನಿ ಪಡೆ ಸ್ಫೋಟಿಸಿತ್ತು. ಢಾಕಾ ಆಚೆ ದಡದಲ್ಲಿ. ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಅವರ ಸೈನಿಕರನ್ನು ಡಿಸೆಂಬರ್ 9ರ ರಾತ್ರಿಯಿಂದ ಮಿ-4ಗಳು ನದಿ ದಾಟಿಸಿ ರಾಯಪುರದ ಬಯಲಿಗೆ ಇಳಿಸತೊಡಗಿದವು. ಹೋಗುವುದು, ಇಳಿಸುವುದು, ಮತ್ತೆ ಬರುವುದು. ಅಂಥ ದಿನಗಳಲ್ಲಿ ಬಟ್ಟೆ ಹಿಡಿದು ಮೈ ಒರೆಸುವವರಿಗೆ ಬಿಡುವು ಎಲ್ಲಿರುತ್ತದೆ? ಇಂಧನ ತುಂಬಿ, ಎಣ್ಣೆ ನೋಡಿ, ಕಳಿಸುವುದೇ ಆಗಿರುತ್ತದೆ.

ಹಾಗಾಗಿ ಈ ಮಾದರಿಯಲ್ಲಿ ಹತ್ತಿ ಕಡ್ಡಿಗೆ ಕೆಲಸ ಕಮ್ಮಿ. ಎರಡು ಪದರದ ಮಸಿ ಕೊಡುತ್ತೇನೆ. ಅಡಿಯಲ್ಲಿ ಹಳೆಯದು, ಶಾಂತಿಯ ದಿನಗಳಲ್ಲಿ ಒರೆಸಿ ಒರೆಸಿ ಬೂದಾದದ್ದು. ಅದರ ಮೇಲೆ ಹೊಸದು, ಕಪ್ಪಗೆ, ಅಂಚು ಚೂಪಾಗಿ, ಯಾರೂ ಮುಟ್ಟದೆ ಬಿಟ್ಟದ್ದು. ಹಿಂದಿನ ಬಾಗಿಲ ಹೊಸಿಲಿನಲ್ಲಿ ಸೈನಿಕರ ಬೂಟಿನ ಗದ್ದೆ ಮಣ್ಣು, ಅದಕ್ಕೆ ಕೆಂಪು ಡಬ್ಬಿ ಬೇಡ, ಬೂದು ಕಂದು ಬೇರೆ ಅರೆಯಬೇಕು. ಪೈಲಟ್ ಮುಂದಿನ ಗಾಜನ್ನು ಮಾತ್ರ ಫಳಫಳ ಹೊಳೆಸುತ್ತೇನೆ. ಆ ರಾತ್ರಿಯಲ್ಲೂ ಅದನ್ನು ಯಾರೋ ಒರೆಸಿಯೇ ಒರೆಸಿರುತ್ತಾರೆ.

ಸದ್ಯಕ್ಕೆ ಮೈಯ ಎರಡು ಹೋಳು ಅಂಟಿಸಿ, ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಇಟ್ಟಿದ್ದೇನೆ. ಹೊರಗೆ ಆಷಾಢದ ಜಿಟಿಜಿಟಿ ಮಳೆ. ಈ ತೇವದಲ್ಲಿ ಸ್ಪ್ರೇ ಮಾಡಿದರೆ ವಾರ್ನಿಶ್ ಬೆಳ್ಳಗೆ ಮಂಜು ಕಟ್ಟಿಬಿಡುತ್ತದೆ. ಹಾಗಾಗಿ ಮೊದಲು ಒಳಗಿನ ಕೆಲಸ, ಸೀಟು, ನೆಲ, ಬಾಗಿಲು. ಹೊರಗಿನ ಬಣ್ಣ ಮಳೆ ಬಿಟ್ಟ ಮೇಲೆ.